ನೋಟಿಸ್ ಬೋರ್ಡಿನಲ್ಲಿ ಹುಟ್ಟಿದ ಬ್ಯಾಂಡ್



ಊರು ಬಿಟ್ಟು ದೊಡ್ಡ ನಗರದ ಕಾಲೇಜಿಗೆ ಸೇರಿದ ಮೊದಲ ವರ್ಷ ಹೇಗಿರುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹಾಸ್ಟೆಲಿನ ಕೋಣೆ, ಮೆಸ್ಸಿನ ಊಟ, ಮನೆಯಿಂದ ಬರುವ ಲೆಕ್ಕದ ದುಡ್ಡು. ಒಬ್ಬನ ಬಳಿ ಗಿಟಾರ್ ಇರುತ್ತದೆ, ಪಕ್ಕದ ಕೋಣೆಯವನಿಗೆ ತಬಲಾ ಬರುತ್ತದೆ, ತರಗತಿಯ ಇನ್ನೊಬ್ಬಳು ಚೆನ್ನಾಗಿ ಹಾಡುತ್ತಾಳೆ. ಕಾಲೇಜ್ ಡೇ ಹೊತ್ತಿಗೆ ಒಂದು ತಂಡ ಸಿದ್ಧವಾಗುತ್ತದೆ. ವಾರ್ಷಿಕ ಪರೀಕ್ಷೆ ಮುಗಿಯುವಷ್ಟರಲ್ಲಿ ಬಹುಪಾಲು ತಂಡಗಳು ಚದುರಿಯೂ ಹೋಗುತ್ತವೆ.

ಚದುರದೆ ಉಳಿದು ಹೆಸರು ಮಾಡಿದವರ ಕಥೆಯನ್ನು ನಮಗೆ ಹೇಳುವ ರೀತಿ ಸಾಮಾನ್ಯವಾಗಿ ಒಂದೇ: ಅವರು ಓದನ್ನು ಬದಿಗೊತ್ತಿದರು, ಸಂಗೀತದ ಹಿಂದೆ ಹೊರಟರು, ಗೆದ್ದರು. ಕೇಳಲು ಚೆಂದದ ಕಥೆ. ಆದರೆ ಅದನ್ನು ವರ್ಷ ವರ್ಷವಾಗಿ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಲಂಡನ್ ನಗರದ 'ಕ್ವೀನ್' ಎಂಬ ತಂಡ. ಅದರ ನಾಲ್ವರೂ ಕಾಲೇಜು ಓದಿದವರು. ಒಬ್ಬ ಭೌತಶಾಸ್ತ್ರ, ಒಬ್ಬ ದಂತವೈದ್ಯಕೀಯ ಮತ್ತು ಜೀವಶಾಸ್ತ್ರ, ಒಬ್ಬ ಎಲೆಕ್ಟ್ರಾನಿಕ್ಸ್, ಒಬ್ಬ ಚಿತ್ರಕಲೆ ಮತ್ತು ವಿನ್ಯಾಸ. ಅವರ ಪ್ರಸಿದ್ಧಿಯ ದಿನಗಳನ್ನು ಬಿಟ್ಟು, 1968ರಿಂದ 1974ರವರೆಗಿನ ಆರಂಭದ ವರ್ಷಗಳನ್ನಷ್ಟೇ ಇಲ್ಲಿ ನೋಡೋಣ.

ಆ ಕಾಲ, ಆ ನಗರ

ಅರವತ್ತರ ದಶಕದ ಬ್ರಿಟನ್ನಿನಲ್ಲಿ ಇಷ್ಟೊಂದು ವಿದ್ಯಾರ್ಥಿ ಬ್ಯಾಂಡುಗಳು ಹುಟ್ಟಿದ್ದೇಕೆ? ಒಂದು ಕಾರಣ ಕಾನೂನಿನಲ್ಲಿದೆ. 1962ರ ಶಿಕ್ಷಣ ಕಾಯಿದೆಯ ಪ್ರಕಾರ, ಮೊದಲ ಪದವಿಗೆ ಸೇರಿದ ವಿದ್ಯಾರ್ಥಿಗಳ ಶುಲ್ಕವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರವೇ ಕಟ್ಟಬೇಕಿತ್ತು. ಮನೆಯ ವರಮಾನ ನೋಡಿ ಊಟ ವಸತಿಗೂ ಸಹಾಯಧನ ಕೊಡಬೇಕಿತ್ತು. ಹೀಗಾಗಿ ಮಧ್ಯಮ ವರ್ಗದ, ಕೆಳ ಮಧ್ಯಮ ವರ್ಗದ ಮಕ್ಕಳು ಊರು ಬಿಟ್ಟು ಲಂಡನ್ನಿಗೆ ಬರುವುದು ಸಾಧ್ಯವಾಯಿತು. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ; ಆದರೆ ಸಂಜೆಯ ಹೊತ್ತು ಅವರದಾಗಿತ್ತು. ಈ ವ್ಯವಸ್ಥೆ ಮುಂದೆ ಬದಲಾಯಿತು. 1998ರಲ್ಲಿ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವುದು ಶುರುವಾಯಿತು, ಮರುವರ್ಷ ಸಹಾಯಧನದ ಜಾಗಕ್ಕೆ ಸಾಲ ಬಂತು.

ಇನ್ನೊಂದು ಕಾರಣ ಕಾಲೇಜುಗಳ ವಿದ್ಯಾರ್ಥಿ ಸಂಘಗಳು. ಇವು ವಾರದ ಕೊನೆಯಲ್ಲಿ ಹೆಸರಾಂತ ತಂಡಗಳನ್ನು ಕರೆಸುತ್ತಿದ್ದವು. 'ದಿ ಹೂ' ತಂಡದ ಪ್ರಸಿದ್ಧ ಧ್ವನಿಮುದ್ರಿಕೆಯೊಂದು 1970ರ ಫೆಬ್ರವರಿಯಲ್ಲಿ ತಯಾರಾದದ್ದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಎಂದರೆ ನಿಮಗೆ ಅಚ್ಚರಿಯಾದೀತು. ದೊಡ್ಡ ತಂಡ ವೇದಿಕೆ ಏರುವ ಮೊದಲು ಅರ್ಧ ಗಂಟೆ ನುಡಿಸಲು ಅದೇ ಕಾಲೇಜಿನ ಹುಡುಗರಿಗೆ ಅವಕಾಶ ಸಿಗುತ್ತಿತ್ತು. 'ಪಿಂಕ್ ಫ್ಲಾಯ್ಡ್' ಕೂಡ ಹೀಗೆ ಬಂದ ತಂಡವೇ. ಅದರ ಮೂವರು ಭೇಟಿಯಾದದ್ದು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ತರಗತಿಯಲ್ಲಿ.

ಬೆಂಕಿಗೂಡಿನ ಮರದ ಗಿಟಾರ್

ಬ್ರಯಾನ್ ಮೇ ಲಂಡನ್ನಿನ ಅಂಚಿನ ಹ್ಯಾಂಪ್ಟನ್‌ನ ಹುಡುಗ. ಅವನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು, ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. ತಂದೆ ಹೆರಾಲ್ಡ್ ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ಎಲೆಕ್ಟ್ರಾನಿಕ್ಸ್ ನಕಾಶೆ ಬರೆಯುವ ಕೆಲಸದಲ್ಲಿದ್ದರು. 1963ರಲ್ಲಿ ಅಪ್ಪ ಮಗ ಸೇರಿ ಗಿಟಾರ್ ಮಾಡಲು ಕುಳಿತರು. ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಮರದಿಂದ ಕತ್ತಿನ ಭಾಗ ಕೆತ್ತಿದರು. ಅದರಲ್ಲಿ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಸ್ವರವನ್ನು ತೂಗಿಸುವ ಸನ್ನೆಗೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್ ಬಂತು. ಆ ಸನ್ನೆಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಣುಕು, ಸ್ವರಸ್ಥಾನದ ಗುರುತುಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು.

ಇದು ಬಡತನದ ತೇಪೆ ಕೆಲಸವಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಸನ್ನೆಯನ್ನು ಒತ್ತಿ ಬಿಟ್ಟಾಗ ತಂತಿಗಳು ಮೊದಲಿನ ಶ್ರುತಿಗೆ ಮರಳಬೇಕಾದರೆ ಘರ್ಷಣೆ ತೀರ ಕಡಿಮೆ ಇರಬೇಕು. ಅದಕ್ಕಾಗಿ ತಕ್ಕಡಿಯಲ್ಲಿ ಇರುವಂಥ ಚಾಕುವಿನ ಅಂಚಿನ ಮೇಲೆ ಅದನ್ನು ನಿಲ್ಲಿಸಿದ್ದರು. ದೇಹದೊಳಗೆ ಟೊಳ್ಳು ಬಿಟ್ಟಿದ್ದು ಸ್ಪೀಕರಿನ ಶಬ್ದಕ್ಕೆ ಗಿಟಾರೂ ಕಂಪಿಸಲಿ ಎಂದು. ಇದನ್ನೇ ನಾವು ಫೀಡ್‌ಬ್ಯಾಕ್ ಎನ್ನುವುದು. ಮೈಕು ಸ್ಪೀಕರಿಗೆ ಹತ್ತಿರವಾದಾಗ 'ಕುಯ್' ಎಂದು ಕಿರುಚುವುದನ್ನು ನೀವು ಸಭೆಗಳಲ್ಲಿ ಕೇಳಿದ್ದೀರಿ. ಆ ಉಪದ್ರವವನ್ನೇ ಹಿಡಿತಕ್ಕೆ ತಂದು ದೀರ್ಘ ಸ್ವರವಾಗಿ ಬಳಸುವುದು ಅವರ ಉದ್ದೇಶವಾಗಿತ್ತು. ಈ ಗಿಟಾರನ್ನೇ ಬ್ರಯಾನ್ ಜೀವನಪೂರ್ತಿ ನುಡಿಸಿಕೊಂಡು ಬಂದಿದ್ದಾನೆ.

ಡ್ರಮ್ಸ್ ನುಡಿಸುವವರು ಬೇಕಾಗಿದ್ದಾರೆ

ಬ್ರಯಾನ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಸೇರಿದ. 1968ರಲ್ಲಿ ಟಿಮ್ ಸ್ಟಾಫೆಲ್ ಎಂಬ ಗೆಳೆಯನ ಜೊತೆ 'ಸ್ಮೈಲ್' ಎಂಬ ತಂಡ ಕಟ್ಟಿದ. ಟಿಮ್ ಹಾಡುತ್ತಿದ್ದ, ಬಾಸ್ ಗಿಟಾರ್ ನುಡಿಸುತ್ತಿದ್ದ. ಡ್ರಮ್ಸ್‌ಗೆ ಜನ ಬೇಕಿತ್ತು. ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದರು. ಮಿಚ್ ಮಿಚೆಲ್, ಜಿಂಜರ್ ಬೇಕರ್ ಇವರ ಧಾಟಿಯಲ್ಲಿ ನುಡಿಸುವವರು ಬೇಕು ಎಂದು ಅದರಲ್ಲಿತ್ತು. ಇಬ್ಬರೂ ಆ ಕಾಲದ ಅತಿ ದೊಡ್ಡ ಡ್ರಮ್ಸ್ ವಾದಕರು. ಹುಡುಗರ ಧೈರ್ಯ ನೋಡಿ!

ಆ ಚೀಟಿಯನ್ನು ಓದಿದ ವಿದ್ಯಾರ್ಥಿಯೊಬ್ಬ ತನ್ನ ಗೆಳೆಯ ರೋಜರ್ ಟೇಲರ್‌ಗೆ ಸುದ್ದಿ ಮುಟ್ಟಿಸಿದ. ರೋಜರ್ ಬಂದದ್ದು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಜಿಲ್ಲೆಯ ಟ್ರೂರೋ ಎಂಬ ಪುಟ್ಟ ಪಟ್ಟಣದಿಂದ. ಲಂಡನ್ನಿಗೆ ಅಲ್ಲಿಂದ ಸುಮಾರು 400 ಕಿಲೋಮೀಟರ್. ಅವನು ಓದುತ್ತಿದ್ದುದು ದಂತವೈದ್ಯಕೀಯ. ಇಂಪೀರಿಯಲ್ ಕಾಲೇಜಿನ ಒಂದು ಕೋಣೆಯಲ್ಲಿ ಅವನು ಡ್ರಮ್ಸ್ ಜೋಡಿಸಿ ಶ್ರುತಿ ಮಾಡುವುದನ್ನು ಕೇಳಿಯೇ ಬ್ರಯಾನ್ ಬೆರಗಾದನಂತೆ. ಮೃದಂಗಕ್ಕೆ ಶ್ರುತಿ ಕೂಡಿಸುವುದನ್ನು ನೋಡಿದ ನಮಗೆ ಇದು ಹೊಸದಲ್ಲ. ಡ್ರಮ್ಸ್ ಎಂದರೆ ಬಡಿಯುವುದಷ್ಟೇ ಎಂದುಕೊಂಡವರಿಗೆ ಹೊಸದು.

ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಯಾನ್ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಎಸ್‌ಸಿ. ಪದವಿ ಪಡೆದ. ಎರಡೇ ದಿನಕ್ಕೆ 'ಸ್ಮೈಲ್' ತಂಡ ತಮ್ಮ ಕಾಲೇಜಿಗೆ ಬಂದ 'ಪಿಂಕ್ ಫ್ಲಾಯ್ಡ್'ಗೆ ಮುಂಚಿತವಾಗಿ ವೇದಿಕೆ ಏರಿತು. 1969ರಲ್ಲಿ ಅವರದೊಂದು ಧ್ವನಿಮುದ್ರಿಕೆಯೂ ಅಮೆರಿಕದಲ್ಲಿ ಹೊರಬಂತು. ಯಾರೂ ಕೊಳ್ಳಲಿಲ್ಲ. ಕಂಪನಿ ಕೈಬಿಟ್ಟಿತು. 1970ರಲ್ಲಿ ಬೇಸತ್ತ ಟಿಮ್ ಬೇರೆ ತಂಡಕ್ಕೆ ಹೋದ. ಬಹುತೇಕ ಕಾಲೇಜು ತಂಡಗಳ ಕಥೆ ಮುಗಿಯುವುದು ಇಲ್ಲಿಯೇ.

ಪಂಚಗನಿಯಿಂದ ಬಂದ ಹುಡುಗ

ಟಿಮ್ ಓದುತ್ತಿದ್ದ ಈಲಿಂಗ್ ಕಲಾ ಕಾಲೇಜಿನಲ್ಲಿ ಫರೂಖ್ ಬಲ್ಸಾರಾ ಎಂಬ ಪಾರ್ಸಿ ಹುಡುಗನೊಬ್ಬನಿದ್ದ. ಹುಟ್ಟಿದ್ದು ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ, 1946ರಲ್ಲಿ. ಶಾಲೆ ಓದಿದ್ದು ಮಹಾರಾಷ್ಟ್ರದ ಪಂಚಗನಿಯಲ್ಲಿ. ನಮ್ಮ ಆಲಮಟ್ಟಿಗೆ ನೀರು ತರುವ ಕೃಷ್ಣೆ ಹುಟ್ಟುವ ಮಹಾಬಲೇಶ್ವರದ ಮಗ್ಗುಲಿನ ಊರು ಅದು. ಅಲ್ಲಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಅವನು ಸಹಪಾಠಿಗಳ 'ಹೆಕ್ಟಿಕ್ಸ್' ಎಂಬ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದ. 1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾಗಿ, ಜೀವ ಉಳಿಸಿಕೊಳ್ಳಲು ಕುಟುಂಬ ಲಂಡನ್ ಬಳಿಯ ಫೆಲ್ಟಮ್‌ಗೆ ಬಂತು. ಉಳಿದವರಿಗೆ ಹೊಸ ನಗರ ಎಂದರೆ ಓದಿನ ಊರು. ಇವನಿಗೆ ಅದು ಆಶ್ರಯದ ಊರೂ ಆಗಿತ್ತು.

'ಸ್ಮೈಲ್' ನುಡಿಸುವ ಕಡೆಗೆಲ್ಲ ಅವನು ಹೋಗುತ್ತಿದ್ದ. ಬೇರೆ ತಂಡಗಳಲ್ಲಿ ಹಾಡಿ ಕಲಿತ. ಡಿಪ್ಲೊಮಾ ಮುಗಿಸಿದ ಮೇಲೆ ರೋಜರ್ ಜೊತೆ ಕೆನ್ಸಿಂಗ್ಟನ್ ಮಾರ್ಕೆಟಿನಲ್ಲಿ ಹಳೆಯ ಬಟ್ಟೆಗಳ ಅಂಗಡಿ ಇಟ್ಟ. ಟಿಮ್ ಬಿಟ್ಟ ಜಾಗಕ್ಕೆ ಇವನೇ ಬಂದ. ತಂಡಕ್ಕೆ 'ಕ್ವೀನ್' ಎಂದು ಹೆಸರಿಟ್ಟವನೂ ಇವನೇ. ತನ್ನ ಹೆಸರನ್ನು ಫ್ರೆಡ್ಡಿ ಮರ್ಕ್ಯುರಿ ಎಂದು ಬದಲಾಯಿಸಿಕೊಂಡ. ಈಲಿಂಗ್‌ನಲ್ಲಿ ಕಲಿತ ವಿನ್ಯಾಸ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ನಾಲ್ವರ ಜನ್ಮರಾಶಿಗಳನ್ನು, ಅಂದರೆ ಎರಡು ಸಿಂಹ, ಒಂದು ಕರ್ಕಾಟಕ, ಒಂದು ಕನ್ಯಾ, ಸೇರಿಸಿ ತಂಡದ ಲಾಂಛನವನ್ನು ಅವನೇ ಬರೆದ.

ಹೊಸ ತಂಡದ ಮೊದಲ ಕಾರ್ಯಕ್ರಮ ನಡೆದದ್ದು 1970ರ ಜೂನ್ 27ರಂದು. ಲಂಡನ್ನಿನಲ್ಲಲ್ಲ, ರೋಜರ್‌ನ ಊರು ಟ್ರೂರೋದಲ್ಲಿ, ರೆಡ್‌ಕ್ರಾಸ್ ಸಹಾಯಾರ್ಥ. ಏರ್ಪಾಡು ಮಾಡಿದವರು ರೋಜರ್‌ನ ತಾಯಿ. ನಗರದಲ್ಲಿ ಅವಕಾಶ ಸಿಗದಿದ್ದಾಗ ಬಿಟ್ಟುಬಂದ ಊರೇ ಕೈ ಹಿಡಿಯಿತು.

ನಾಲ್ಕನೆಯವನು

ಬಾಸ್ ಗಿಟಾರಿಗೆ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಬಂದು ಹೋದರು. 1971ರಲ್ಲಿ ಲೆಸ್ಟರ್ ಕಡೆಯ ಜಾನ್ ಡೀಕನ್ ಸಿಕ್ಕಿದ. ಲಂಡನ್ನಿನ ಚೆಲ್ಸಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ, ಮಾತು ಕಡಿಮೆಯ ಹುಡುಗ. ಅವನನ್ನು ಪರೀಕ್ಷಿಸಿದ್ದು ಇಂಪೀರಿಯಲ್ ಕಾಲೇಜಿನ ಪಾಠದ ಹಾಲ್‌ನಲ್ಲೇ. ಮುಂದೆ ಒಂದು ದಿನ ಅವನಿಗೆ ಕಸದ ತೊಟ್ಟಿಯಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಒಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದನ್ನು ಚಿಕ್ಕ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರ್ ಮಾಡಿದ. ಬ್ರಯಾನ್‌ನ ಗಿಟಾರ್ ಅದರ ಮೂಲಕ ಪಿಟೀಲಿನಂತೆ, ಕಹಳೆಯಂತೆ ಕೇಳಿಸುತ್ತಿತ್ತು. ವಾದ್ಯವೃಂದದಂತೆ ಕೇಳುವ ಅವರ ಎಷ್ಟೋ ಧ್ವನಿಮುದ್ರಣಗಳ ಹಿಂದೆ ಆ ಪೆಟ್ಟಿಗೆ ಇದೆ.

ಬಿಟ್ಟಿ ಸಿಕ್ಕ ಸ್ಟುಡಿಯೋ

ಹೊಸ ಸ್ಟುಡಿಯೋ ಕಟ್ಟಿದಾಗಿನ ಕಷ್ಟ ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಗೊತ್ತು. ಒಂದು ಕೋಣೆಯ ಶಬ್ದ ಇನ್ನೊಂದಕ್ಕೆ ಸೋರುತ್ತದೆಯೇ, ಯಂತ್ರಗಳು ಜೋರು ಶಬ್ದವನ್ನು ತಾಳುತ್ತವೆಯೇ ಎಂದು ತಿಳಿಯಲು ಯಾರಾದರೂ ನಿಜವಾಗಿ ಗದ್ದಲ ಮಾಡಬೇಕು. 1971ರ ಕೊನೆಯಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಡಿ ಲೇನ್ ಲೀ ಸ್ಟುಡಿಯೋಗೆ ಅಂಥ ತಂಡವೊಂದು ಬೇಕಾಗಿತ್ತು. 'ಕ್ವೀನ್' ಗದ್ದಲ ಮಾಡಿಕೊಟ್ಟಿತು. ಕೂಲಿಯಾಗಿ ಐದು ಹಾಡುಗಳ ಧ್ವನಿಮುದ್ರಣ ಮಾಡಿಕೊಂಡಿತು.

ಅದನ್ನು ಹಿಡಿದುಕೊಂಡು ಕಂಪನಿಗಳ ಬಾಗಿಲು ತಟ್ಟಿದರು. 1972ರಲ್ಲಿ ಟ್ರೈಡೆಂಟ್ ಸಂಸ್ಥೆ ಒಪ್ಪಿತು. ಆದರೆ ಹಣ ಕೊಟ್ಟು ಬರುವ ದೊಡ್ಡ ಕಲಾವಿದರು ಹೊರಟ ಮೇಲೆ, ಸ್ಟುಡಿಯೋ ಖಾಲಿ ಇರುವ ಹೊತ್ತಿನಲ್ಲಿ, ಹೆಚ್ಚಾಗಿ ರಾತ್ರಿ, ಇವರ ಕೆಲಸ. ಹೀಗೆ ತಯಾರಾದ ಮೊದಲ ಧ್ವನಿಮುದ್ರಿಕೆ 1973ರ ಜುಲೈಯಲ್ಲಿ ಬಂತು. ಅದರ ಮೊದಲ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಗೆ ಏರಲೇ ಇಲ್ಲ. 1974ರ ಫೆಬ್ರವರಿಯಲ್ಲಿ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ದೂರದರ್ಶನ ಕಾರ್ಯಕ್ರಮಕ್ಕೆ ಡೇವಿಡ್ ಬೋವಿಯ ಚಿತ್ರ ಸಿಗಲಿಲ್ಲವೆಂದು ಆ ಜಾಗಕ್ಕೆ ಇವರನ್ನು ಕರೆದರು. ಆ ಹಾಡು ಪಟ್ಟಿಯಲ್ಲಿ 10ನೆಯ ಸ್ಥಾನಕ್ಕೆ ಬಂತು. ನೋಟಿಸ್ ಬೋರ್ಡಿನ ಚೀಟಿಯಿಂದ ಇಲ್ಲಿಗೆ ಐದು ವರ್ಷಕ್ಕೂ ಮೇಲಾಗಿತ್ತು.

ಅರ್ಧಕ್ಕೆ ನಿಂತ ಪ್ರಬಂಧ

ಇಷ್ಟು ವರ್ಷ ಬ್ರಯಾನ್ ಏನು ಮಾಡುತ್ತಿದ್ದ? ಇಂಪೀರಿಯಲ್ ಕಾಲೇಜಿನಲ್ಲೇ ಪಿಎಚ್‌.ಡಿ. ಸಂಶೋಧನೆ. ವಿಷಯ ರಾಶಿಚಕ್ರದ ಬೆಳಕು. ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮೊದಲು, ಕಗ್ಗತ್ತಲೆಯ ಬಯಲಿನಲ್ಲಿ ನಿಂತರೆ ದಿಗಂತದಿಂದ ಮೇಲೇಳುವ ಮಸುಕಾದ ಬೆಳಕಿನ ಗೋಪುರ ಕಾಣುತ್ತದೆ. ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದು ಚದುರಿದ ಬಿಸಿಲು ಅದು. ಆ ಧೂಳು ಯಾವ ವೇಗದಲ್ಲಿ ಚಲಿಸುತ್ತದೆ ಎಂಬುದು ಅವನ ಪ್ರಶ್ನೆ. ಹತ್ತಿರ ಬರುವ ರೈಲಿನ ಶಿಳ್ಳೆ ಏರಿದ ಸ್ವರದಲ್ಲೂ ದೂರ ಹೋಗುವಾಗ ಇಳಿದ ಸ್ವರದಲ್ಲೂ ಕೇಳಿಸುತ್ತದಲ್ಲ, ಅದೇ ಡಾಪ್ಲರ್ ತತ್ತ್ವವನ್ನು ಬೆಳಕಿಗೆ ಅನ್ವಯಿಸಿ ಅಳೆಯಬೇಕು. ಇದಕ್ಕಾಗಿ ಅವನು ಟೆನೆರಿಫ್ ದ್ವೀಪದ ಬೆಟ್ಟದ ಮೇಲೆ ರಾತ್ರಿಗಳನ್ನು ಕಳೆದ. ಅವನ ಹೆಸರಿರುವ ಎರಡು ಲೇಖನಗಳು 1972 ಮತ್ತು 1973ರಲ್ಲಿ ವಿಜ್ಞಾನ ಪತ್ರಿಕೆಗಳಲ್ಲಿ ಬಂದವು, ಒಂದು 'ನೇಚರ್'ನಲ್ಲಿ. ಜೀವನಕ್ಕೆಂದು ಶಾಲೆಯೊಂದರಲ್ಲಿ ಗಣಿತವನ್ನೂ ಕಲಿಸಿದ.

1974ರ ಹೊತ್ತಿಗೆ ಎರಡೂ ದೋಣಿಯ ಮೇಲೆ ಕಾಲಿಡುವುದು ಆಗಲಿಲ್ಲ. ಪ್ರಬಂಧ ಅರ್ಧಕ್ಕೆ ನಿಂತಿತು. ಹೆಚ್ಚು ನೊಂದವರು, ಗಿಟಾರ್ ಮಾಡಲು ಜೊತೆ ಕುಳಿತ ತಂದೆಯೇ. ಮುಂದೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಗನ ಕಾರ್ಯಕ್ರಮ ನೋಡಿದ ಮೇಲೆ ಅವರ ಮನಸ್ಸು ಕರಗಿತು. ಫ್ರೆಡ್ಡಿ 1991ರಲ್ಲಿ, 45ನೆಯ ವಯಸ್ಸಿನಲ್ಲಿ, ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡ. ಬ್ರಯಾನ್ ತಮ್ಮ ಅರವತ್ತನೆಯ ವಯಸ್ಸಿನಲ್ಲಿ, 2007ರಲ್ಲಿ, ಹಳೆಯ ಟಿಪ್ಪಣಿಗಳನ್ನು ತೆಗೆದು ಪ್ರಬಂಧವನ್ನು ಮುಗಿಸಿದರು. ಆ ಧೂಳಿನ ಬಗ್ಗೆ ನಡುವಿನ ವರ್ಷಗಳಲ್ಲಿ ಹೆಚ್ಚು ಕೆಲಸ ನಡೆದಿರಲಿಲ್ಲವಾದ್ದರಿಂದ ಹಳೆಯ ಅಳತೆಗಳಿಗೆ ಇನ್ನೂ ಬೆಲೆಯಿತ್ತು. 2008ರಲ್ಲಿ, ನಲವತ್ತು ವರ್ಷದ ಹಿಂದೆ ಬಿ.ಎಸ್‌ಸಿ. ಪಡೆದ ಅದೇ ಆಲ್ಬರ್ಟ್ ಹಾಲ್‌ನಲ್ಲಿ, ಡಾಕ್ಟರೇಟ್ ಪದವಿ ಸ್ವೀಕರಿಸಿದರು.

ನಾವು ತಿಳಿಯಬೇಕಾದದ್ದು

ಈಗ ಮೊದಲಿನ ಮಾತಿಗೆ ಬರೋಣ. ಇವರು ಓದನ್ನು ಬದಿಗೊತ್ತಿ ಗೆದ್ದರೇ? ಇಲ್ಲ. ಓದಲು ಸೇರಿದ ಕಾಲೇಜೇ ಅವರಿಗೆ ಅಭ್ಯಾಸದ ಕೋಣೆ ಕೊಟ್ಟಿತು, ಜೊತೆಗಾರರನ್ನು ಕೊಟ್ಟಿತು, ಮೊದಲ ಶ್ರೋತೃಗಳನ್ನು ಕೊಟ್ಟಿತು. ಕಲಿತ ವಿದ್ಯೆ ಲಾಂಛನವಾಗಿ, ಆಂಪ್ಲಿಫೈಯರಾಗಿ ತಂಡದೊಳಕ್ಕೆ ಬಂತು. ರೋಜರ್ ಕೂಡ ದಂತವೈದ್ಯಕೀಯ ಬಿಟ್ಟರೂ ಜೀವಶಾಸ್ತ್ರದ ಪದವಿ ಮುಗಿಸಿದ.

ಹಾಗೆಂದು ಎಲ್ಲವೂ ಒಟ್ಟಿಗೆ ದಕ್ಕಿತು ಎಂದೂ ಅಲ್ಲ. ಒಂದು ಹಂತದಲ್ಲಿ ಆರಿಸಿಕೊಳ್ಳಲೇಬೇಕಾಯಿತು, ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಆದರೆ ಆ ಹಂತ ಬಂದದ್ದು ಮೊದಲ ವರ್ಷದ ಉತ್ಸಾಹದಲ್ಲಲ್ಲ, ಆರನೆಯ ವರ್ಷದಲ್ಲಿ, ಕೈಯಲ್ಲಿ ಕೆಲಸವೊಂದು ರೂಪುಗೊಂಡ ಮೇಲೆ. ತಂಡ ಬಿಟ್ಟ ಟಿಮ್ ಸ್ಟಾಫೆಲ್‌ನನ್ನು ಸೋತವನು ಎನ್ನಬೇಡಿ. ಅವನು ಮುಂದೆ ಮಾದರಿ ತಯಾರಕನಾಗಿ, ಮಕ್ಕಳು ಮೆಚ್ಚಿದ 'ಥಾಮಸ್' ರೈಲು ಎಂಜಿನ್ನಿನ ದೂರದರ್ಶನ ಸರಣಿಗೆ ಕೆಲಸ ಮಾಡಿದ.

ನಿಮ್ಮ ಕಾಲೇಜಿನಲ್ಲಿ ಕೊನೆಯ ಪೀರಿಯಡ್ ಮುಗಿದ ಮೇಲೆ ಖಾಲಿ ಬೀಳುವ ಕೋಣೆಗಳೆಷ್ಟು? ಪಕ್ಕದ ಕಾಲೇಜಿನಲ್ಲಿ ಯಾವ ವಾದ್ಯ ಯಾರಿಗೆ ಬರುತ್ತದೆ ಎಂದು ನಿಮಗೆ ಗೊತ್ತೇ? ನೀವು ಓದುವ ವಿಷಯದಲ್ಲಿ ನಿಮ್ಮ ತಂಡಕ್ಕೆ ಒದಗಬಹುದಾದದ್ದು ಏನಿದೆ? ಗೆಳೆಯರೊಡನೆ ಕುಳಿತು ಚರ್ಚಿಸಿ. ಕೋಣೆ ಸಿಗುವುದಾದರೆ ಬೀಗದ ಕೈ ಯಾರ ಬಳಿ ಇದೆ ಎಂದು ನಾಳೆಯೇ ವಿಚಾರಿಸಿ. ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಲು ಹಣವೇನೂ ಖರ್ಚಾಗುವುದಿಲ್ಲ.