ವಯಸ್ಸು ಮತ್ತು ವಿವೇಕ (ಕ್ರೈಸ್ತ ಚಿಂತನೆ)

ಮುಪ್ಪಿಗೂ ವಿವೇಕಕ್ಕೂ ಇರುವ ನಂಟನ್ನು ಬೈಬಲ್ ಒಪ್ಪುತ್ತದೆ, ಆದರೆ ಷರತ್ತಿನ ಮೇಲೆ. ಜ್ಞಾನೋಕ್ತಿಗಳ ಗ್ರಂಥ ನರೆಗೂದಲನ್ನು ಗೌರವಿಸುವುದು ಅದರ ಹಿಂದೆ ನೀತಿಯ ಬದುಕಿದ್ದಾಗ. ವಯಸ್ಸಾದರೆ ವಿವೇಕ ಬರುತ್ತದೆಯೇ ಎಂಬ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ಯೋಬನ ಗ್ರಂಥದಲ್ಲಿ. ಯೋಬನ ಮೂವರು ಹಿರಿಯ ಗೆಳೆಯರ ವಾದ ಸೋಲುವವರೆಗೂ ಕಿರಿಯ ಎಲೀಹು ಬಾಯಿ ತೆರೆಯುವುದಿಲ್ಲ. ಬಳಿಕ, ತಿಳಿವಳಿಕೆ ಬರುವುದು ದೇವರಿಂದಲೇ ಹೊರತು ಕಳೆದ ವರ್ಷಗಳಿಂದಲ್ಲ ಎಂದು ವಾದಿಸುತ್ತಾನೆ. ಅವನು ಕಾದದ್ದೂ ಮಾತಾಡಿದ್ದೂ ಎರಡೂ ವಿವೇಕವೇ. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಸಿಮೆಯೋನ ಮತ್ತು ಮುದಿ ವಿಧವೆ ಅನ್ನಳು ಶಿಶು ಯೇಸುವನ್ನು ಗುರುತಿಸುತ್ತಾರೆ. ಅಲ್ಲೇ ಮುಂದೆ 12ರ ಬಾಲಕ ಯೇಸು ದೇವಾಲಯದ ಬೋಧಕರನ್ನು ಬೆರಗುಗೊಳಿಸುತ್ತಾನೆ. 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮ ಮಠದ ದೊಡ್ಡ ತೀರ್ಮಾನಗಳಲ್ಲಿ ಕಿರಿಯರ ಮಾತನ್ನೂ ಕೇಳಬೇಕೆನ್ನುತ್ತದೆ.

ಇನ್ನು ಕರ್ನಾಟಕಕ್ಕೆ ಬಂದರೆ, ಇಲ್ಲಿನ ಹಳೆಯ ಕ್ರೈಸ್ತ ಸಮುದಾಯಗಳಲ್ಲೊಂದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನದು. 16ನೇ ಶತಮಾನದಲ್ಲಿ, ಆದಿಲಶಾಹಿ ಕಾಲದಲ್ಲಿ, ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳಿಂದ ಅದು ರೂಪುಗೊಂಡಿತು. ಸಿಂಧನೂರು, ಮಸ್ಕಿ ಸಹಿತ ಈ ಸೀಮೆಯ ಕ್ಯಾಥೊಲಿಕರು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ್ದಾರೆ. ಅವರಿಗೂ ಅನ್ವಯಿಸುವ ಕ್ಯಾಥೊಲಿಕ್ ಸಭೆಯ ನಿಯಮಗಳೂ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ: ಸಭೆಯ 1983ರ ಧರ್ಮಸಂಹಿತೆಯಂತೆ ಗುರುದೀಕ್ಷೆಗೆ 25, ಬಿಷಪ್ ಪದವಿಗೆ 35 ವರ್ಷ ತುಂಬಿರಬೇಕು. ಬಿಷಪರು 75ಕ್ಕೆ ರಾಜೀನಾಮೆ ಸಲ್ಲಿಸಬೇಕು.