ಪರಾಮರ್ಶೆ

ಮುಟ್ಟುವುದು, ಸವರಿ ನೋಡುವುದು ಎಂಬರ್ಥದ ‘ಮೃಶ್’ ಧಾತುವು ‘ಪರಾ’ ಉಪಸರ್ಗದೊಡನೆ ಕೂಡಿ ಹುಟ್ಟಿದ ಈ ಶಬ್ದವು, ಬೆಟ್ಟದಲ್ಲಿ ಕಂಡುದು ಬೆಂಕಿಯನ್ನು ಬಿಟ್ಟಿರದ ಹೊಗೆಯೇ ಎಂಬಂತಹ, ಅನುಮಿತಿಗೆ ಕಾರಣವಾದ ಜ್ಞಾನವನ್ನು ತರ್ಕಶಾಸ್ತ್ರದಲ್ಲಿ ಸೂಚಿಸಿ, ಕನ್ನಡದಲ್ಲಿ ಕೂಲಂಕಷ ವಿಚಾರಣೆಯೆಂಬ ಅರ್ಥವನ್ನು ತಳೆದಿದೆ. ವಿದ್ವತ್ಪತ್ರಿಕೆಯ ಸಂಪಾದಕನು ತನಗೆ ಬಂದ ಲೇಖನವನ್ನು ಆ ವಿಷಯದಲ್ಲಿ ನುರಿತ ಇಬ್ಬರು ಮೂವರಿಗೆ, ಬಹುಮಟ್ಟಿಗೆ ಅವರ ಹೆಸರನ್ನು ಲೇಖಕನಿಗೆ ತಿಳಿಸದೆಯೇ, ಕಳುಹಿಸಿ, ಅವರ ಅಭಿಪ್ರಾಯಗಳನ್ನು ತೂಗಿನೋಡಿ, ಸ್ವೀಕಾರ, ತಿದ್ದುಪಡಿ, ತಿರಸ್ಕಾರಗಳಲ್ಲೊಂದನ್ನು ನಿಶ್ಚಯಿಸುವ ಕ್ರಮವನ್ನೂ ಪರಾಮರ್ಶೆಯೆನ್ನುವುದು ಒಪ್ಪುತ್ತದೆ. ರೋಸೆನ್ನರೊಡನೆ ತಾವು ಬರೆದ ಲೇಖನವನ್ನು ‘ಫಿಜಿಕಲ್ ರಿವ್ಯೂ’ 1936ರಲ್ಲಿ ಹೀಗೆ ಪರಾಮರ್ಶೆಗೆ ಒಪ್ಪಿಸಿದುದಕ್ಕೆ ಮುನಿದು ಐನ್‌ಸ್ಟೈನರು ಅದನ್ನು ಹಿಂಪಡೆದರಾದರೂ, ಗುರುತ್ವದ ಅಲೆಗಳಿಲ್ಲವೆಂಬ ಅದರ ನಿರ್ಣಯವನ್ನು, 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅದು ಅಚ್ಚಾಗುವ ವೇಳೆಗೆ, ತಾವೇ ಬದಲಿಸಿದ್ದರು.