ಸಾಲುಮರದ ಕೋತಿ ಜಲಪಾತಕ್ಕೆ ಬಂದ ದಾರಿ

ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಬೆಂಗಳೂರು ಬಿಟ್ಟು ಮದ್ದೂರು, ಮಂಡ್ಯ ಹಾದು ಶ್ರೀರಂಗಪಟ್ಟಣ ಸೇರಿದ. ಮಣ್ಣು, ನೇಗಿಲು, ಕಂದಾಯ, ಮದುವೆ, ಮಾರುಕಟ್ಟೆ ಎಲ್ಲವನ್ನೂ ಬರೆದುಕೊಳ್ಳುತ್ತಾ ಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸಕಥನದಲ್ಲಿ ಕೋತಿಗೂ ಒಂದು ಜಾಗ ಸಿಕ್ಕಿದೆ. ಮೈಸೂರು ಸೀಮೆಯ ತೋಟಗಾರರಿಗೆ ಕೋತಿ ಮತ್ತು ಅಳಿಲುಗಳ ಕಾಟ ವಿಪರೀತ. ಆದರೆ ಕೊಲ್ಲುವಂತಿಲ್ಲ, ಕೊಂದರೆ ಮಹಾಪರಾಧ. ಯಾರಾದರೂ ಕೊಂದರೆಂದು ತಿಳಿದರೆ ವಿಷ್ಣುಭಕ್ತ ಭಿಕ್ಷುಕರಾದ ದಾಸರಿಗಳು ಬಂದು ಅವನ ಸುತ್ತ ನೆರೆಯುತ್ತಾರೆ, ಸತ್ತ ಕೋತಿಗೆ ಶಾಸ್ತ್ರೋಕ್ತವಾಗಿ ಅಂತ್ಯಕ್ರಿಯೆ ಮಾಡಿಸುವ ತನಕ ಬಿಡುವುದಿಲ್ಲ. ಎಷ್ಟು ಮಂದಿ ದಾಸರಿಗಳು ಸೇರಿದರೋ ಅದರ ಮೇಲೆ ಖರ್ಚು, ನೂರರಿಂದ ಇನ್ನೂರು ಹಣ (ಆ ಕಾಲದ ನಾಣ್ಯ).

ಅದಕ್ಕೆ ತೋಟದವರು ಇನ್ನೊಂದು ಉಪಾಯ ಹೂಡಿದ್ದರಂತೆ. ಬಲೆ ಹಾಕಿ ಕೋತಿ ಹಿಡಿಯುವವರನ್ನು ಕೂಲಿಗೆ ಗೊತ್ತು ಮಾಡಿ, ಹಿಡಿದವನ್ನು ಕದ್ದುಮುಚ್ಚಿ ದೂರದ ಯಾವುದೋ ಊರಿನ ತೋಟಕ್ಕೆ ಬಿಡಿಸುವುದು. ಆ ಊರಿನವರೇನು ಕಡಿಮೆ? ಅವರೂ ಅದನ್ನೇ ಮಾಡಿದರು. ಕಡೆಗೆ ಈ ಕೊಡುಕೊಳ್ಳುವಿಕೆ ಎಲ್ಲರಿಗೂ ಸಾಕಾಗಿಹೋಯಿತು ಎಂದು ಬುಕನನ್ ಬರೆಯುತ್ತಾನೆ.

ಸಾಕಾದದ್ದು ಆ ಕಾಲಕ್ಕೆ ಮಾತ್ರ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕಾಟ ಮಿತಿಮೀರಿದಾಗ ಚಂದಾ ಎತ್ತಿಯೋ ಪಂಚಾಯಿತಿಗೆ ಮೊರೆಯಿಟ್ಟೋ ಕೋತಿ ಹಿಡಿಯುವವರನ್ನು ಕರೆಸುವುದು ಈಗಲೂ ಉಂಟು. ಬಲೆಯ ಜಾಗಕ್ಕೆ ಬೋನು ಬಂದಿದೆ, ಗಾಡಿಯ ಜಾಗಕ್ಕೆ ಟೆಂಪೋ. ಹಿಡಿದವನ್ನು ‘ಕಾಡಿಗೆ ಬಿಟ್ಟೆವು’ ಎನ್ನುತ್ತಾರೆ. ಆ ಕಾಡಿನ ಅಂಚಿನಲ್ಲಿ ಇನ್ನೊಂದು ಹಳ್ಳಿ ಇದ್ದೇ ಇರುತ್ತದೆ. ಈ ವ್ಯವಹಾರ ಎಷ್ಟು ಕ್ರೂರವಾಗಬಹುದೆಂಬುದು 2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ಕಂಡಿತು. ರಸ್ತೆ ಬದಿಯಲ್ಲಿ ಬಿದ್ದಿದ್ದ ಗೋಣಿಚೀಲಗಳನ್ನು ಬಿಚ್ಚಿದಾಗ 38 ಕೋತಿಗಳ ಹೆಣ ಸಿಕ್ಕವು. ರಾಜ್ಯ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ದಾಸರಿಗಳ ಕಟ್ಟಳೆ ಮಾತ್ರ ರೂಪ ಬದಲಿಸಿ ಉಳಿದಿದೆ. ಮಂಡ್ಯ ಸೀಮೆಯಲ್ಲಿ ವಿದ್ಯುತ್ ತಂತಿ ತಗುಲಿಯೋ ಬಸ್ಸಿಗೆ ಸಿಕ್ಕಿಯೋ ಕೋತಿ ಸತ್ತರೆ ಊರವರು ಅದನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ಹೂವಿನ ಹಾರ ಹಾಕಿ, ತಮಟೆ ಬಡಿದು ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಹನ್ನೊಂದನೇ ದಿನಕ್ಕೆ ತಿಥಿ, ಊರಿಗೆಲ್ಲ ಊಟ. ಕೆಲವೆಡೆ ಹೂತ ಜಾಗದಲ್ಲಿ ಪುಟ್ಟ ಆಂಜನೇಯನ ಗುಡಿಯೇ ಎದ್ದು ನಿಂತಿದೆ. ಬೆಳಗ್ಗೆ ತೆಂಗಿನ ತೋಟದಲ್ಲಿ ಪಟಾಕಿ ಸಿಡಿಸಿ ಇಡೀ ಹಿಂಡನ್ನು ಅಟ್ಟಿದವನೇ ಸಂಜೆ ತಿಥಿಯ ಚಂದಾ ಪಟ್ಟಿಯಲ್ಲಿ ಹೆಸರು ಬರೆಸುತ್ತಾನೆ. ಇದರಲ್ಲಿ ಅವನಿಗೆ ಯಾವ ವಿರೋಧವೂ ಕಾಣುವುದಿಲ್ಲ.

ಶಿವನಸಮುದ್ರದ ಗಗನಚುಕ್ಕಿ ಜಲಪಾತದ ವೀಕ್ಷಣಾ ಕಟ್ಟೆಯ ಮೇಲೆ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಓಡುವ ಕೋತಿಯನ್ನು ಕಂಡ ಬೆಂಗಳೂರಿನ ಪ್ರವಾಸಿಗರಿಗೆ ಈ ಹಿಂದಿನ ಕಥೆ ಗೊತ್ತಿರುವುದಿಲ್ಲ. ಅವರ ಪಾಲಿಗೆ ಅದು ಕಾಡಿನಿಂದ ಇಳಿದು ಬಂದ ಪ್ರಾಣಿ. ಜನ ತಿಂಡಿ ಕೊಟ್ಟು ಕೆಡಿಸಿದ್ದಾರೆ, ಅಷ್ಟೆ. ತಿಂಡಿ ಕೆಡಿಸಿದ್ದು ನಿಜ. ಆದರೆ ಈ ಕೋತಿ ಕಾಡಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ರಸ್ತೆಯಿಂದ, ತೋಟದಿಂದ, ಗುಡಿಯ ಅಂಗಳದಿಂದ ಬಂದದ್ದು. ಮನುಷ್ಯರ ಜೊತೆಗಿನ ಅದರ ಬಾಳು ಪ್ರವಾಸೋದ್ಯಮಕ್ಕಿಂತ ಬಹಳ ಹಳೆಯದು.

ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂದಲು ಹರಡಿಕೊಂಡ, ಉದ್ದ ಬಾಲದ ಈ ಕೋತಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಬಾಳುವುದಿಲ್ಲ. ಅದರ ವೈಜ್ಞಾನಿಕ ಹೆಸರು ಮಕಾಕಾ ರೇಡಿಯೇಟಾ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ, ಬೆಳೆದ ಗಂಡುಗಳು ಬೇರೆ ಹಿಂಡು ಹುಡುಕಿ ಹೋಗುತ್ತವೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಪಾಲ್ ಸೈಮಂಡ್ಸ್ ಇವುಗಳ ಬದುಕನ್ನು ಅಭ್ಯಾಸ ಮಾಡಲು ಆರಿಸಿಕೊಂಡದ್ದು ದಟ್ಟ ಕಾಡನ್ನಲ್ಲ. ಮಳವಳ್ಳಿ ತಾಲ್ಲೂಕಿನ ನೆರೆಯಲ್ಲೇ ಇರುವ ಸೋಮನಾಥಪುರವನ್ನು. ಹದಿಮೂರನೇ ಶತಮಾನದ ಕೇಶವ ದೇಗುಲದ ಆ ಊರಿನ ಹಿಂಡು ಹೀಗೆ ಪ್ರಾಣಿ ವರ್ತನೆಯ ಪುಸ್ತಕಗಳಲ್ಲಿ ಹೆಸರು ಪಡೆಯಿತು. ಬೇರೆ ಜಾತಿಯ ಮಂಗಗಳಿಗೆ ಹೋಲಿಸಿದರೆ ಇಲ್ಲಿನ ಗಂಡುಗಳು ತಮ್ಮತಮ್ಮಲ್ಲಿ ಹೊಂದಿಕೊಂಡು ಹೋಗುವ ಸ್ವಭಾವದವು, ದೊಡ್ಡವಾದ ಮೇಲೂ ಆಟವಾಡುತ್ತವೆ, ಒಂದರ ಮೈಯನ್ನೊಂದು ಹೆಕ್ಕುತ್ತವೆ. ಜಲಪಾತದ ಕಟ್ಟೆಯ ಮೇಲೆ ಅರ್ಧ ಗಂಟೆ ಕೈಯಲ್ಲಿ ತಿಂಡಿಯಿಲ್ಲದೆ ಕೂತವರಿಗೆ ಇಷ್ಟು ಯಾರೂ ಹೇಳದೆ ಕಾಣುತ್ತದೆ.

ಕೋತಿ, ದೇವರು, ಪ್ರವಾಸಿ ಮೂವರೂ ಒಂದೆಡೆ ಸೇರುವ ಜಾಗವೆಂದರೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಹಲಗೂರಿನಿಂದ ಕಾಡಿನ ದಾರಿಯಲ್ಲಿ ಇಳಿದು ಹೋದರೆ ಕಾವೇರಿಯ ದಂಡೆಯಲ್ಲಿ ಆಂಜನೇಯನ ಗುಡಿ. ಸುತ್ತಲಿನ ಕಾಡು 1987ರಿಂದ ಕಾವೇರಿ ವನ್ಯಜೀವಿ ಧಾಮದ ಭಾಗ. ಸೀತೆ ಹೊಳೆಯಲ್ಲಿ ಮೀಯುವಾಗ ಅವಳ ಮುತ್ತಿನ ಒಡವೆ ನೀರಿಗೆ ಬಿತ್ತು, ಹನುಮಂತ ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿಕೊಟ್ಟ, ಅದಕ್ಕೇ ಅವನು ಮುತ್ತೆತ್ತಿರಾಯ ಎಂಬುದು ಸ್ಥಳದ ಕಥೆ. ಹೊಳೆಯ ಆ ಸುಳಿ ಬಾಲ ತಿರುವಿದ್ದರಿಂದ ಆದದ್ದು ಎಂದೂ ಹೇಳುತ್ತಾರೆ.

ಮುತ್ತೆತ್ತಿರಾಯ ಈ ಸೀಮೆಯ ಎಷ್ಟೋ ಮನೆಗಳ ದೇವರು. ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ದಂಪತಿ ಅವನಿಗೆ ಹರಕೆ ಹೊತ್ತು 1929ರಲ್ಲಿ ಪಡೆದ ಮಗನಿಗೆ ಮುತ್ತುರಾಜ ಎಂದು ಹೆಸರಿಟ್ಟರು; ಮುಂದೆ ಅವರೇ ರಾಜ್‌ಕುಮಾರ್ ಆದರು. ಹರಕೆ ಹೊತ್ತವರು ನೆಂಟರಿಷ್ಟರನ್ನು ಕರೆದುಕೊಂಡು ಬಂದು ಹರಿಸೇವೆ ಮಾಡುತ್ತಾರೆ. ಹೊಳೆದಂಡೆಯಲ್ಲಿ ಒಲೆ ಹೂಡಿ ಅಡುಗೆ, ಪಂಕ್ತಿಯಲ್ಲಿ ಊಟ. ಶಂಖ, ಜಾಗಟೆ ಹಿಡಿದ ದಾಸಯ್ಯಗಳು ಬರುತ್ತಾರೆ. ಅವರ ಮಣೇವು ಸೇವೆಯಲ್ಲಿ ಎಲೆಯ ಮೇಲಿಟ್ಟ ಬಾಳೆಹಣ್ಣನ್ನು ಕೈ ಸೋಕಿಸದೆ ಬಾಯಿಂದಲೇ ಕಚ್ಚಿ ತಿನ್ನುವ ಪದ್ಧತಿಯಿದೆ. ಕೋತಿಯ ಹೆಣಕ್ಕೆ ಲೆಕ್ಕ ಕೇಳಿದ ಬುಕನನ್ನನ ದಾಸರಿಗಳು ಯಾರಿರಬಹುದೆಂದು ಊಹಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಇಂಥ ಕಡೆ ಎಂಜಲೆಲೆಗೆ ಕೋತಿ ಬಂದರೆ ಹಿರಿಯರು ಕೋಲೆತ್ತಿದ ಹುಡುಗನನ್ನು ಗದರುತ್ತಾರೆ: “ಆಂಜನೇಯ ಕಣ್ಲಾ, ಹೊಡೀಬ್ಯಾಡ.”

ಹೀಗೆ ಎಲೆಯ ಮೇಲೆ ಉಳಿದ ಅನ್ನ, ಒಡೆದ ತೆಂಗಿನಕಾಯಿಯ ಹೋಳು, ಹರಕೆಯ ಬಾಳೆಹಣ್ಣು ತಿಂದು ಬದುಕುವ ಹಿಂಡುಗಳು ಮಂಡ್ಯ ಜಿಲ್ಲೆಯ ಎಷ್ಟೋ ಕ್ಷೇತ್ರಗಳಲ್ಲಿವೆ. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಹತ್ತುವವರ ಪೂಜಾ ಬುಟ್ಟಿಯ ಮೇಲೆ ಕಣ್ಣಿಟ್ಟು ಮೆಟ್ಟಿಲ ಬದಿಯ ಗೋಡೆಯ ಮೇಲೆ ಸಾಲಾಗಿ ಕೂರುವ ಕೋತಿಗಳಿಗೆ ಯಾರ ಕೈಯಲ್ಲಿ ಏನಿದೆ ಎಂಬುದು ದೂರದಿಂದಲೇ ಗೊತ್ತು.

ಗುಡಿಗಳಷ್ಟೇ ಇದ್ದಿದ್ದರೆ ಈ ಸಂಬಂಧ ಇಷ್ಟು ಹಬ್ಬುತ್ತಿರಲಿಲ್ಲ. ಅದನ್ನು ಊರಿಂದೂರಿಗೆ ಎಳೆದು ತಂದದ್ದು ಸಾಲುಮರ. 1831ರಿಂದ 1881ರವರೆಗೆ ಕಮಿಷನರುಗಳ ಆಡಳಿತದಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳು ಬೆಳೆದವು. ಇಕ್ಕೆಲಗಳಲ್ಲಿ ಆಲ, ಅರಳಿ, ಬಸರಿ, ಗೋಣಿ, ಅತ್ತಿ, ಹುಣಸೆ, ಮಾವು ಸಾಲುಗಟ್ಟಿದವು. ದಾರಿಹೋಕರಿಗೆ, ಎತ್ತಿನ ಗಾಡಿಗಳಿಗೆ ನೆರಳಾಗಲೆಂದು ನೆಟ್ಟದ್ದು. ಆಲ, ಅತ್ತಿ ಜಾತಿಯ ಮರಗಳೆಲ್ಲ ಒಟ್ಟಿಗೇ ಹಣ್ಣು ಬಿಡುವುದಿಲ್ಲ. ಒಂದು ಮರ ಈ ತಿಂಗಳು ಹಣ್ಣಾದರೆ ಪಕ್ಕದ್ದು ಇನ್ನೆರಡು ತಿಂಗಳಿಗೆ. ಉದ್ದಕ್ಕೆ ಇಂಥ ಮರಗಳಿದ್ದರೆ ವರ್ಷವಿಡೀ ಎಲ್ಲಾದರೊಂದು ಕಡೆ ಊಟ ಸಿದ್ಧ, ಮೇಲೆ ಮಲಗಲು ಎತ್ತರದ ಕೊಂಬೆ. ಬೆಂಗಳೂರಿನಿಂದ ಮದ್ದೂರು, ಮಂಡ್ಯ ಮಾರ್ಗವಾಗಿ ಮೈಸೂರಿಗೆ ಹೋಗುವ ಹಾದಿ ಕೋತಿಗೆ ಹಣ್ಣಿನ ತೋಟವೇ ಆಗಿತ್ತು.

1930ರ ದಶಕದಲ್ಲಿ ಇನ್ನೊಂದು ಬದಲಾವಣೆ ಬಂತು. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ಹರಿದು, ಮಳೆ ನಂಬಿದ ರಾಗಿ ಹೊಲಗಳು ಭತ್ತದ, ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರೈತನಿಗೆ ಸಿಹಿಯಾದದ್ದು ಕೋತಿಗೂ ಸಿಹಿ. ಆದರೆ ಹೊಲದಂಚಿನ ಮರವೆಂದರೆ ಬೆಳೆಯ ಮೇಲೆ ನೆರಳು, ಬೇರಿನ ಕಾಟ. ಗುಂಟೆಗುಂಟೆಗೂ ಬೆಲೆ ಬಂದಾಗ ಅಂಥ ಮರವನ್ನು ಉಳಿಸಿಕೊಳ್ಳುವವರು ಎಷ್ಟು ಜನ?

ರಸ್ತೆಯ ಮರಗಳು ಆಮೇಲೆ ಹೋದವು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 1989ರಿಂದ 2009ರವರೆಗಿನ ಎಣಿಕೆಗಳನ್ನು ಹೋಲಿಸಿ 2011ರಲ್ಲಿ ‘ಪ್ರೈಮೇಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ದಕ್ಷಿಣ ಭಾರತದ ರಸ್ತೆಬದಿಯ ಈ ಕೋತಿಗಳು ಅರ್ಧಕ್ಕೂ ಹೆಚ್ಚು ಕಡಿಮೆಯಾಗಿದ್ದವು. ಆಲದ ಜಾತಿಯ ಸಾಲುಮರಗಳು ಇಲ್ಲವಾದದ್ದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು. ‘ಎಲ್ಲೆಲ್ಲೂ ಕೋತಿಯೇ’ ಎಂದು ಗೊಣಗುವವರಿಗೆ ಈ ಮಾತು ಒಗಟಿನಂತೆ ಕೇಳಿಸೀತು. ಚದುರಿ ಬಾಳುತ್ತಿದ್ದ ಪ್ರಾಣಿ ನಾಲ್ಕಾರು ಕಡೆ ಬಂದು ಒತ್ತಾಗಿ ಕೂತರೆ ಸಂಖ್ಯೆ ಹೆಚ್ಚಿದಂತೆ ಕಾಣುವುದು ಸಹಜ. ಜಾಗತಿಕ ಅಪಾಯದ ಪಟ್ಟಿಯಲ್ಲಿ ಇಂದು ಈ ಜಾತಿ ಅಳಿವಿನ ಭೀತಿ ಇರುವವುಗಳ ಸಾಲಿನಲ್ಲಿದೆ. 2023ರ ಮಾರ್ಚ್ 12ರಂದು ಪ್ರಧಾನಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕೋತಿಗೆ ಕೂರಲು ಕೊಂಬೆಯಿಲ್ಲ. ಅಂಥ ವೇಗದ ರಸ್ತೆಗಿಳಿದರೆ ಜೀವವೂ ಉಳಿಯದು.

ಉಳಿದದ್ದು ಗುಡಿ, ಬೆಟ್ಟ, ಜಲಪಾತ. ಶಿವನಸಮುದ್ರಕ್ಕೆ ಜನ ಹೋಗುತ್ತಿದ್ದದ್ದು ಮೊದಲು ನೀರು ನೋಡಲು ಮಾತ್ರವಲ್ಲ. ಮಧ್ಯರಂಗನ ಗುಡಿಗೆ, ಗಗನಚುಕ್ಕಿಯ ಅಂಚಿನಲ್ಲಿರುವ ದರ್ಗಾಕ್ಕೆ ಹರಕೆ ಹೊತ್ತವರು ಬರುತ್ತಿದ್ದರು. 1902ರಲ್ಲಿ ಇಲ್ಲಿನ ವಿದ್ಯುತ್ ಕೇಂದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸ್ಥಳೀಯರು ಇಂದಿಗೂ ‘ಬ್ಲಫ್’ ಎಂದೇ ಕರೆಯುವ ನೌಕರರ ಬಡಾವಣೆ ಎದ್ದಿತು. ಜಲಪಾತಕ್ಕೆ ಪ್ರವಾಸಿಗರು ದಂಡುಗಟ್ಟಿ ಬರತೊಡಗಿದ್ದು ಅದಕ್ಕೂ ಬಹಳ ಆಮೇಲೆ, ಬಸ್ಸು ಕಾರುಗಳ ಕಾಲದಲ್ಲಿ. ಅವರ ಹಿಂದೆಯೇ ಮುಸುಕಿನ ಜೋಳ ಸುಡುವವರು, ಖಾರ ಹಚ್ಚಿದ ಮಾವಿನಕಾಯಿ, ಸೌತೆಕಾಯಿ ಮಾರುವವರು ಬಂದರು. ಎಲ್ಲರ ಹಿಂದೆ ಕೋತಿ.

ಮನುಷ್ಯರ ಜೊತೆ ಬಾಳುವ ವಿದ್ಯೆಯನ್ನು ಕೋತಿ ಎಷ್ಟು ಕಲಿತಿದೆ ಎಂಬುದಕ್ಕೆ ಬಂಡೀಪುರದಲ್ಲಿ ನಡೆದ ಅಧ್ಯಯನವೊಂದಿದೆ. ಬೆಂಗಳೂರಿನ ಸಂಶೋಧಕ ಅನಿಂದ್ಯ ಸಿನ್ಹಾ ಮತ್ತು ಜೊತೆಯವರು 2018ರಲ್ಲಿ ಪ್ರಕಟಿಸಿದಂತೆ, ಅಲ್ಲಿನ ಕೆಲವು ಕೋತಿಗಳು ಪ್ರವಾಸಿಗರ ಎದುರು ಕೈ ಚಾಚಿ, ಮೆಲ್ಲಗೆ ‘ಕೂ’ ಎಂದು ಸದ್ದು ಮಾಡಿ ತಿಂಡಿ ಬೇಡುತ್ತವೆ. ಇಂಡೊನೇಷ್ಯಾದ ಬಾಲಿ ದ್ವೀಪದ ಉಲುವಾಟು ದೇಗುಲದಲ್ಲಿ ಬೇರೊಂದು ಜಾತಿಯ ಮಂಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಕನ್ನಡಕ, ಫೋನು ಕಿತ್ತುಕೊಂಡು, ತಿಂಡಿ ಕೊಟ್ಟ ಮೇಲಷ್ಟೇ ಹಿಂದಿರುಗಿಸುತ್ತವೆ. ಯಾವ ವಸ್ತುವಿಗೆ ಮನುಷ್ಯ ಹೆಚ್ಚು ತೆರುತ್ತಾನೆ ಎಂಬುದು ವಯಸ್ಕ ಮಂಗಗಳಿಗೆ ಚೆನ್ನಾಗಿ ಗೊತ್ತು ಎಂದು 2021ರ ಅಧ್ಯಯನ ತೋರಿಸಿತು.

ಕೋತಿಯ ಭಾಷೆಯನ್ನು ಮನುಷ್ಯ ಅಷ್ಟು ಶ್ರದ್ಧೆಯಿಂದ ಕಲಿತಿಲ್ಲ. ಫೋಟೋಗೆಂದು ಹತ್ತಿರ ಹೋಗಿ ಹಲ್ಲು ಬಿಟ್ಟು ನಗುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಸಾಮಾನ್ಯ. ನೆಟ್ಟ ನೋಟ ಅದಕ್ಕೆ ಜಗಳದ ಕರೆ. ತಿಂಡಿ ತೋರಿಸಿ ಆಟವಾಡಿಸಿ ಕೊಡದೆ ಹೋದರೆ ಪರಚುತ್ತದೆ, ಕಚ್ಚುತ್ತದೆ. ಆಮೇಲೆ ಆಸ್ಪತ್ರೆ, ರೇಬೀಸ್ ಚುಚ್ಚುಮದ್ದು. ಮಕ್ಕಳ ಕೈಯಲ್ಲಿ ಪೊಟ್ಟಣವಿದ್ದರೆ ಮೊದಲ ಗುರಿ ಅವರೇ, ಏಕೆಂದರೆ ಅವರ ಎತ್ತರವೂ ಅದಕ್ಕೆ ಅನುಕೂಲ.

ಮಳೆಗಾಲದಲ್ಲಿ ಕನ್ನಂಬಾಡಿ, ಕಬಿನಿಯಿಂದ ನೀರು ಬಿಟ್ಟು ಜಲಪಾತ ತುಂಬಿ ಧುಮುಕುವ ಭಾನುವಾರಗಳಲ್ಲಿ ಗಗನಚುಕ್ಕಿಯ ಹಿಂಡಿಗೆ ಸುಗ್ಗಿ. ಬೇಸಿಗೆಯಲ್ಲಿ ಬಂಡೆ ಮಾತ್ರ ಉಳಿದಾಗ ಪ್ರವಾಸಿ ಬರುವುದಿಲ್ಲ. ಆಗ ಸುತ್ತಲಿನ ಹಳ್ಳಿಗಳ ತೆಂಗು, ಬಾಳೆ, ಹೆಂಚಿನ ಮನೆಯ ಅಡುಗೆಕೋಣೆಗಳ ಸರದಿ. ಭಾನುವಾರ ಬೆಂಗಳೂರಿನವರು ಕೊಟ್ಟ ಬಿಸ್ಕತ್ತಿನ ಲೆಕ್ಕವನ್ನು ಏಪ್ರಿಲ್‌ನಲ್ಲಿ ಚುಕ್ತಾ ಮಾಡುವವರು ಆ ಹಳ್ಳಿಯವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಕೋತಿ ಹಿಡಿಯುವುದು ಅಪರಾಧ ಎಂಬುದು ಅವರಿಗೂ ಗೊತ್ತು. ಹೆಂಚು ಒಡೆದು ಅನ್ನದ ಪಾತ್ರೆ ಉರುಳಿದ ದಿನ ಆ ಕಾಯ್ದೆ ನೆನಪಾಗುವುದು ಕಷ್ಟ. ಬೋನಿನವರ ಫೋನ್ ನಂಬರ್ ಊರಲ್ಲಿ ಯಾರ ಬಳಿಯಾದರೂ ಇದ್ದೇ ಇರುತ್ತದೆ.